ಒಂದೇ ಸಲಕ್ಕೆ ಸರಿ

ಮೂಡುಬಿದಿರೆಯಿಂದ ಹೊರಟ ಬಸ್ಸಿನಲ್ಲಿ ನಿವೃತ್ತ ಟೀಚರ್ ಅನ್ನಪೂರ್ಣೇಶ್ವರಿಯವರು ಮುಚ್ಚಿಕೊಂಡದ್ದು ಕಣ್ಣನ್ನು ಮಾತ್ರ, ಕಿವಿಯನ್ನಲ್ಲ. ಮುಂದಿನ ಸೀಟಿನಲ್ಲಿ ಒಂದೇ ಆಸ್ಪತ್ರೆಯ ಇಬ್ಬರು: ಔಷಧಿ ಸ್ಟೋರಿನ ಸಫಿಯಮ್ಮ, ಕಂಪ್ಯೂಟರ್ ವಿಭಾಗದ ಹುಡುಗಿ ಶ್ರಾವ್ಯಾ. ಮೊದಲು ಕೇಳಿದವರು ಸಫಿಯಮ್ಮ.

“ನಿನ್ನೆ ನನ್ನ ಹೆಸರಲ್ಲಿ ಲಾಗಿನ್ ಆದದ್ದು ನಾನಲ್ಲ ಅಂತ ನಿನಗೆ ಹೇಗೆ ಗೊತ್ತಾಯ್ತು ಮಾರಾಯ್ತಿ?”

“ಹೆಸರು ಸರಿ ಇತ್ತು, ಪಾಸ್‌ವರ್ಡೂ ಸರಿ ಇತ್ತು ಸಫಿಯಕ್ಕ. ಆದ್ರೆ ಒಂದೇ ಸಲಕ್ಕೆ ಸರಿ ಇತ್ತು.”

“ಅದಕ್ಕೆ?”

“ಹನ್ನೊಂದು ವರ್ಷದಲ್ಲಿ ನೀವು ಒಂದೇ ಸಲಕ್ಕೆ ಒಳಗೆ ಬಂದದ್ದುಂಟಾ? ಎರಡು ಸಲ ಅಂದಾಜಿನಲ್ಲಿ ಒತ್ತಿ ತಪ್ಪುತ್ತೀರಿ. ಮೂರನೇ ಸಲಕ್ಕೆ ಬ್ಯಾಗಿನಿಂದ ಕನ್ನಡಕ ತೆಗೀತೀರಿ.”

“ಕಂಪ್ಯೂಟರಲ್ಲಿ ಕನ್ನಡಕವೂ ಕಾಣ್ತದಾ?”

“ಕನ್ನಡಕ ಕಾಣುದಿಲ್ಲ, ತಪ್ಪಿದ್ದೆಲ್ಲ ಕಾಣ್ತದೆ. ಇವ ಕಳ್ಳ ಅಂತ ಕೂಡ್ಲೇ ಹೊರಗೆ ಹಾಕಿದೆ. ಸ್ವಲ್ಪ ತಡ ಆಗಿದ್ರೆ ರೋಗಿಗಳ ಫೈಲಿಗೆಲ್ಲ ಬೀಗ ಹಾಕಿ ದುಡ್ಡು ಕೇಳ್ತಿದ್ದ.”

“ದೊಡ್ಡ ಡಾಕ್ಟ್ರು ಏನು ಹೇಳಿದ್ರು?”

“ನಾಳೆ ನಿಮಗೆ ಸ್ಟಾಫಿನ ಎದುರು ಶಾಲು ಹಾಕ್ತಾರಂತೆ.”

“ನನಗಾ? ನಾನೇನು ಮಾಡಿದ್ದೇನೆ?”

“ದಿನಾ ತಪ್ಪಿದ್ದೀರಲ್ಲ.”

ಸಫಿಯಮ್ಮ ನಕ್ಕ ನಗುವಿಗೆ ಕಂಡಕ್ಟರ್ ತಿರುಗಿ ನೋಡಿದ.

“ಕನ್ನಡಕ ಕೊರಳಿಗೆ ಹಾಕ್ಲಿಕ್ಕೆ ಮಗಳು ದಾರ ತಂದು ಕೊಟ್ಟಿದ್ದಾಳೆ. ಇನ್ನು ಕಟ್ಟುವುದಾ ಬೇಡವಾ?”

“ಕಟ್ಟಬೇಡಿ ಸಫಿಯಕ್ಕ. ಬ್ಯಾಗಲ್ಲೇ ಇರ್ಲಿ.”

ತೋಡಾರಿನಲ್ಲಿ ಇಬ್ಬರೂ ಇಳಿದರು. ಆಟೋ ಎಂದು ಸಫಿಯಮ್ಮ ಕೈ ಅಡ್ಡ ಹಿಡಿದ ಮೊದಲನೆಯದು ಹಾಲಿನ ಗಾಡಿ, ಎರಡನೆಯದು ಪೊಲೀಸ್ ಜೀಪು. ಟೀಚರ್ ಕಿಟಕಿಗೆ ಹಣೆಯಾನಿಸಿ ಮೂರನೆಯದಕ್ಕೆ ಕಾದರು. ಬಸ್ಸು ಹೊರಡುವಾಗ ಸಫಿಯಮ್ಮ ಬ್ಯಾಗಿಗೆ ಕೈ ಹಾಕಿದರು.