ಕಣ್ಣು ಮುಚ್ಚಿ ಹೇಳ್ತೀನಿ

ಮುಟ್ಟಬೇಡ ಮಗಳೇ, ಆ ಬಳೆ ಇದ್ದ ಹಾಗೇ ಇರಲಿ. ಗುಂಯ್ ಅಂತಿದೆಯಲ್ಲ, ಮೆಷಿನ್ ನಡೀತಿದೆ ಅಂತ ಅರ್ಥ. ಯಾಕೆ ನಗ್ತೀಯ? ಹೌದಮ್ಮ, ನಿಮ್ಮಪ್ಪ ಕೊನೆಗೂ ಬಳೆ ತೊಟ್ಟ, ಅದೂ ಅಯಸ್ಕಾಂತದ್ದು. ಮಣಿಕಟ್ಟಿನ ಮೂಳೆಗೆ ಪ್ಲೇಟು ಕೂರಿಸಿ ಹೊಲಿದಿದ್ದಾರಲ್ಲ, ಆ ನೋವು ಇಳಿಯಲಿ ಅಂತ ದಿನಾ ಇದರೊಳಗೆ ಕೈ ಇಡಿಸ್ತಾರೆ. ಶಾಕು ಗೀಕು ಹೊಡೆಯಲ್ಲ, ಬಿಸೀನೂ ಆಗಲ್ಲ. ಏನೂ ಗೊತ್ತೇ ಆಗಲ್ಲ.

ಹಾಗೆ ಯಾಕೆ ನೋಡ್ತೀಯ? ಗೊತ್ತಾಗಲ್ಲ ಅಂದಿದ್ದು ಮೆಷಿನ್ನಿನ ವಿಷಯ.

ನೋವಾ... ಇಳಿದಿದೆ. ನಿಜವಾಗಲೂ. ಗಿರಾಕಿಗೆ ಹೇಳೋ ನಿಜ ಅಲ್ಲ, ಮನೆಯವರಿಗೆ ಹೇಳೋ ನಿಜ. ಅಷ್ಟು ಸಾಲದಾ? ಆ ಮೆಷಿನ್ ಹಾಕೋ ಹುಡುಗಿ ಹತ್ತಿರ ಬೆರಳಿನ ಸುದ್ದಿ ಯಾಕೆ ಎತ್ತಿದೆ ನೀನು? ಬೆಳಿಗ್ಗೆ ಲೋಟ ಜಾರಿತು. ಯಾರ ಕೈಯಿಂದ ಜಾರಲ್ಲ? ಅಂಗಿ ಗುಂಡಿ ನಿಮ್ಮಮ್ಮ ಹಾಕಿದಳು... ಅದು, ಹೊಲಿಗೆ ಇನ್ನೂ ಹಸಿ ಅಂತ. ಇದೆಲ್ಲ ಡಾಕ್ಟರ ಕಿವಿಗೆ ಬಿದ್ದರೆ ಮತ್ತೆ ಒಳಗೆ ಮಲಗಿಸಿ ಕೊಯ್ತಾರೆ. ಆ ಬಿಳಿ ದೀಪ, ಆ ತಣ್ಣನೆ ಮೇಜು... ಬೇಡ.

ಹೆದರಿಕೆ ಅಲ್ಲ, ವ್ಯಾಪಾರ. ನಾಳೆ ಬಟ್ಟೆ ಗಿರಣಿಯವನು ಹೊಸ ಮಾಲು ತರ್ತಾನೆ. ಮುಟ್ಟಿ ನೋಡಿ ಆರಿಸೋಕೆ ನಮ್ಮ ಅಂಗಡೀಲಿ ಇನ್ಯಾರಿದ್ದಾರೆ? ನೀನೋ, ಬಣ್ಣ ನೋಡಿದ ಕೂಡಲೇ ಮರುಳಾಗ್ತೀಯ. ಈ ಬೆರಳು ಹೋದರೆ ಅಂಗಡಿಗೆ ಬೀಗ. ಅಲ್ಲ, ಹೋಗಿದೆ ಅಂತ ಯಾರು ಅಂದರು?

ನಂಬಿಕೆ ಇಲ್ಲ, ಅಲ್ವಾ. ಸರಿ, ನಿನ್ನ ಚೀಲದಲ್ಲಿ ಗಿರಣಿಯವನು ಕಳಿಸಿದ ಮಾದರಿ ಬಟ್ಟೆ ತುಂಡುಗಳಿವೆ, ಒಂದು ತೆಗಿ. ಬೆರಳು ಬಳೆಯಿಂದ ಆಚೆಗೇ ಇವೆ. ನಮ್ಮ ಅಂಗಡಿ ಪದ್ಧತಿ ಗೊತ್ತಲ್ಲ? ನಾನು ಕಣ್ಣು ಮುಚ್ಚಬೇಕು, ಬೆರಳ ಸಂದಿಗೆ ಬಟ್ಟೆ ಇಡೋರು ಬಾಯಿ ಮುಚ್ಚಬೇಕು. ನಿಮ್ಮ ತಾತ ನನ್ನ ಪಳಗಿಸಿದ್ದೂ ಹೀಗೇ. ಹೂಂ, ಮುಚ್ಚಿದೆ. ಇಡು.

...

ಇಟ್ಟೆ, ಗೊತ್ತಾಯ್ತು. ಇದು ಹತ್ತಿ. ತಡಿ... ಪಾಲಿಯೆಸ್ಟರ್ ಬೆರೆಸಿದ್ದಾನೆ, ಕಳ್ಳ. ನೇಯ್ಗೆ ಸಡಿಲ, ಎರಡು ಸಲ ಒಗೆದರೆ ಜೋತು ಬೀಳುತ್ತೆ. ಸರೀನಾ?

ನಾನು ಹೇಳಿ ಆಯ್ತಲ್ಲ. ಈಗ ನೀನು ಬಾಯಿ ಬಿಡಬಹುದು.

ತಪ್ಪಾ? ಬರೀ ಹತ್ತಿನಾ? ರೇಷ್ಮೆನಾ? ಏನಾದರೂ ಅನ್ನು ಮಗಳೇ... ಕಣ್ಣು ಬಿಡ್ತೀನಿ ನೋಡು.

...

ಚೀಲ ಇನ್ನೂ ನಿನ್ನ ತೊಡೆ ಮೇಲೇ ಇದೆ. ಜಿಪ್ಪು ಸಿಕ್ಕಿಕೊಂಡಿತಾ? ಬಟ್ಟೆ ತೆಗೆದೇ ಇಲ್ಲ ನೀನು.

ಹಾಗೆ ನೋಡಬೇಡ. ಹೋಗು, ಡಾಕ್ಟರನ್ನ ಕರಿ. ಕೊಯ್ಯೋದಾದರೆ ಕೊಯ್ಯಲಿ... ಬೇಡ, ತಡಿ. ಒಂದು ಗಳಿಗೆ ಕೈ ಹಿಡ್ಕೊಂಡು ಕೂತ್ಕೋ.

ಆ ಕೈಯಲ್ಲ. ಈ ಕೈ. ಗೊತ್ತಾಗೋ ಕೈ.