ನೆಲ ಕೇಳಿದವಳು

ನಗಬೇಡಿ. ಇದು ನಮ್ಮಕ್ಕನ ಗಂಡ, ಬಾವನಿಗೇ ಆಗಿದ್ದು.

ಬಾವನದು ಅಗೆಯೋ ಕೆಲಸ. ಹೂತುಹೋದ ಹಳೇ ಊರುಗಳನ್ನ ಹೊರಗೆ ತೆಗೆಯೋದು. ಆಗ ಅಗೀತಿದ್ದ ಜಾಗದಲ್ಲಿ ಒಂದರ ಮೇಲೊಂದು ಏಳು ಊರು. ಒಂದು ಮೆರೆದು ಹಾಳಾಯ್ತು, ಧೂಳು ಮುಚ್ಚಿತು, ಅದರ ಮೇಲೇ ಇನ್ನೊಂದು ಕಟ್ಟಿದರು. ಬಾವಿ ಮಾತ್ರ ಎಲ್ಲರಿಗೂ ಒಂದೇ. ನೆಲ ಏರಿದ ಹಾಗೆಲ್ಲ ಬಾವಿ ಬಾಯಿಗೂ ಇಟ್ಟಿಗೆ ಏರಿಸುತ್ತಿದ್ದರು. ಈಗ ಸುತ್ತಲ ಮಣ್ಣೆಲ್ಲ ತೆಗೆದ ಮೇಲೆ ಆ ಬಾವಿ ಹೊಗೆಗೂಡಿನ ಹಾಗೆ ಒಂಟಿಯಾಗಿ ನಿಂತಿತ್ತು... ಮೂರಾಳೆತ್ತರ.

"ಏಳು ಊರಿನವರೂ ತಮ್ಮದೇ ಕೊನೇದು ಅಂದ್ಕೊಂಡಿದ್ರು ಕಣೋ" ಅನ್ನೋರು ಬಾವ. ಹಾಗಂದವರೇ ಇಪ್ಪತ್ತು ವರ್ಷದ ದುಡಿಮೆ ಸುರಿದು ಮನೆ ಕಟ್ಟಿಸಿದರು. ಬಾಗಿಲಿಗೆ ಮೂರು ಮೆಟ್ಟಿಲು. ಮಗಳ ಕಾಲಕ್ಕಾದರೂ ನಿಲ್ಲಲಿ ಅನ್ನೋದೊಂದೇ ಆಸೆ.

ಒಂದು ರಾತ್ರಿ ಗುಂಡಿಗೆ ಟಾರ್ಪಾಲು ಮುಚ್ಚಿ ಹೊರಡೋಷ್ಟರಲ್ಲಿ ಹೊತ್ತಾಗಿತ್ತು. ಮಂಡಿನೋವು ಬೇರೆ. ಸಾಕಪ್ಪಾ ಸಾಕು ಅಂತ ಕಾಲೆಳೆದುಕೊಂಡು ಬಾವಿ ಪಕ್ಕ ಬಂದರು... ಕಿರ್... ಕಿರ್... ರಾಟೆ ತಿರುಗೋ ಸದ್ದು. ಆ ಬಾವಿಗೆ ರಾಟೆಯೇ ಇಲ್ಲ! ಆಮೇಲೆ ದುಡುಂ... ಕೊಡ ನೀರಿಗೆ ಬಿತ್ತು. ಬಾವಿ ಒಣಗಿ ಯಾವ ಕಾಲವಾಯ್ತೋ.

ತಲೆ ಎತ್ತಿದರು. ಬಾವಿ ಬಾಯಿ ಪಕ್ಕ, ಅಷ್ಟು ಎತ್ತರದಲ್ಲಿ, ಒಬ್ಬ ಹೆಂಗಸು. ಸೊಂಟದಲ್ಲಿ ಕೊಡ. ಕಾಲ ಕೆಳಗೆ ಏನೂ ಇಲ್ಲ.

"ಅಣ್ಣಾ..." ಎಷ್ಟು ಸುಸ್ತಾದ ದನಿ ಅಂತೀರಿ! "ನೆಲ ಎಲ್ಲಿ ಹೋಯ್ತು?"

ಬಾವ ಅಂದರು, "ತೆಗೆದ್ವಿ... ತಾಯಿ."

"ಎಲ್ಲಿ ಹಾಕಿದ್ರಿ?"

ಒಂದು ಸುಳ್ಳು ಹೇಳಬಾರದಿತ್ತೇ? ನಮ್ಮ ಬಾವ ಅಂಥ ಪೆದ್ದು ಮನುಷ್ಯ, ಕೇಳಿದ್ದಕ್ಕೆ ನಿಜವನ್ನೇ ಹೇಳೋದು. "ನಮ್ಮ ಬೀದಿ ಹಿಂದಿನ ತಗ್ಗಿಗೆ."

"ಸರಿ... ಎಲ್ಲರಿಗೂ ಹೇಳ್ತೀನಿ."

ಬಾವ ಮನೆಗೆ ಹೇಗೆ ಬಂದರೋ ದೇವರಿಗೇ ಗೊತ್ತು. ರಾತ್ರಿಯಿಡೀ ಹೊರಗೆ ಸರ್... ಸರ್... ಮಣ್ಣು ಸುರಿಯೋ ಸದ್ದು.

"ಯಾರ್ರೀ ಅದು?" ಅಂದಳು ಅಕ್ಕ, ಮಗಳನ್ನ ಅವುಚಿಕೊಂಡು.

"ಮಲ್ಕೋ" ಅಂದರು ಬಾವ. "ನಿಂತು ನಿಂತು ಅವರಿಗೂ ಸಾಕಾಗಿದೆ."

ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ಒಂದು ಹೆಜ್ಜೆ ಗುರುತಿಲ್ಲ, ಒಂದು ಗುಡ್ಡೆ ಮಣ್ಣಿಲ್ಲ. ಎಲ್ಲ ಸಪಾಟು.

ನಂಬದಿದ್ದರೆ ಬಿಡಿ. ಆ ಮೆಟ್ಟಿಲಿಗೆ ಸಿಮೆಂಟು ಮೆತ್ತಿದಾಗ ವಾರವೆಲ್ಲ ನೀರು ಹೊಯ್ದವನೇ ನಾನು. ಮೂರಿದ್ದವು. ಆವತ್ತಿಂದ ನೆಲದ ಮೇಲೆ ಎರಡೇ.