ಅಂಚಿಲ್ಲದ ಚಾದರ

ನೆರೆ ಇಳಿದ ಮೂರನೆಯ ದಿನ. ಬ್ರಹ್ಮಪುತ್ರೆಯ ನಡುಗಡ್ಡೆ ಮಾಜುಲಿಯ ದೋಣಿಗಟ್ಟೆಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದ ಹೇಮಪ್ರಭಾಳ ಎದುರಿಗೇ ಇಬ್ಬರು ಹೆಂಗಸರು ಸಾಲಿನಲ್ಲಿ ನಿಂತಿದ್ದರು. ಕಿರಿಯವಳು ರೂಪಹಿ, ಕಂಕುಳಲ್ಲಿ ಮಗು. ವಿಧವೆಯರು ಹೊದೆಯುವ ಅಂಚಿಲ್ಲದ ಬಿಳಿ ಚಾದರ ಹೊದ್ದಿದ್ದಳು; ಬೈತಲೆಯಲ್ಲಿ ಸಿಂಧೂರವಿರಲಿಲ್ಲ. ಅವಳನ್ನು ಕರೆದೊಯ್ಯಲು ಆಚೆ ದಡದಿಂದ ಬಂದ ಚಿಕ್ಕಮ್ಮ ಆ ಚಾದರವನ್ನೇ ನೋಡುತ್ತ ಬೇರೇನನ್ನೋ ಕೇಳುತ್ತಿದ್ದಳು.

“ಮನೆ ಇದೆಯೇನೇ?”

“ಇಲ್ಲ ಚಿಕ್ಕಮ್ಮ. ನಾಲ್ಕು ಕಂಬ ಇದಾವೆ.”

“ಮಗ್ಗ?”

“ಇದೆ. ಹಲಸಿನ ಮರಕ್ಕೆ ಕಟ್ಟಿದ್ವಿ.”

“ಬಾತುಕೋಳಿ?”

“ಇದಾವೆ. ಅವಕ್ಕೇನು, ನೀರು ಬಂದಷ್ಟೂ ಹಬ್ಬ.”

ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಬಾತುಕೋಳಿ ಬದುಕಿದ್ದಕ್ಕೆ ಯಾರಾದ್ರೂ ಅಳ್ತಾರಾ?”

“ಅಲ್ವೇ... ಮಗೂನ ಅಪ್ಪ?”

“ಇದಾರಲ್ಲ. ಅಗೋ, ದೋಣಿಗೆ ಗಂಟು ಏರಿಸ್ತಿದಾರೆ.”

“ಮತ್ತೆ ಈ ಚಾದರ?”

“ಅತ್ತೇದು. ನನ್ನ ಪೆಟ್ಟಿಗೆ, ಸಿಂಧೂರದ ಡಬ್ಬಿ ಎಲ್ಲ ನೀರು ಪಾಲಾಯ್ತು. ಒಣಗಿದ್ದು ಇದೊಂದೇ ಇತ್ತು.”

ಚಿಕ್ಕಮ್ಮ ತನ್ನ ಬೈತಲೆಯ ಸಿಂಧೂರವನ್ನು ಬೆರಳಿಗೊತ್ತಿಕೊಂಡು ಅವಳ ಬೈತಲೆಗೆ ಎಳೆದಳು.

“ಮೊದಲೇ ಬಾಯಿ ಬಿಡೋಕೆ ಏನಾಗಿತ್ತು, ದರಿದ್ರದೋಳೇ?”

“ನೀನು ಬಾತುಕೋಳಿ ಕೇಳಿದೆ. ಅವರ ವಿಷಯ ಎಲ್ಲಿ ಕೇಳಿದೆ?”

ಸಾಲು ಮುಂದೆ ಸರಿಯಿತು. ಇಬ್ಬರೂ ಬೈದಾಡುತ್ತಲೇ ದೋಣಿ ಹತ್ತಿದರು. ಹೇಮಪ್ರಭಾಳ ಕೈಯಲ್ಲಿ ಅಷ್ಟು ಹೊತ್ತು ಆಡದೆ ನಿಂತಿದ್ದ ಅಡಕತ್ತರಿ ಆಗ ಮತ್ತೆ ಆಡಿತು.